ಗೆರೆ ಇಲ್ಲದ ಹೆಬ್ಬೆಟ್ಟು

ನನ್ನ ಕೈ ನೀನು ನೋಡಿದೀಯ. ಇಲ್ಲ ಅನ್ನಬೇಡ. ಬಸ್ ನಿಲ್ದಾಣದ ಗೋಡೆ ಮೇಲೆ, ಆಸ್ಪತ್ರೆ ಎದುರಿಗೆ, ನೀರಿನ ಟ್ಯಾಂಕಿನ ಸುತ್ತ, ಮೂರಾಳೆತ್ತರಕ್ಕೆ ಎರಡು ಕೈ ಮುಂದಕ್ಕೆ ಚಾಚ್ಕೊಂಡಿವೆಯಲ್ಲ, ಅವು ನನ್ನವೇ. ಎಡಗೈ ಕಿರುಬೆರಳು ಒಳಕ್ಕೆ ಡೊಂಕು. ಅದೊಂದನ್ನ ನೆಟ್ಟಗೆ ಮಾಡೋದು ಮರೆತಿದಾರೆ. ಮಿಕ್ಕಿದ್ದೆಲ್ಲ ತಿದ್ದಿದಾರೆ. ಗಾಯ ಅಳಿಸಿದಾರೆ. ಬಣ್ಣ ಬಳಿದಿದಾರೆ. ಉಗುರು ಕೊಟ್ಟಿದಾರೆ ಕಣಮ್ಮ, ಉಗುರು! ನನ್ನ ಬೆರಳಿಂದ ಉಗುರು ಹೋಗಿ ಎಷ್ಟು ವರ್ಷ ಆಯ್ತೋ ನನಗೇ ಮರೆತುಹೋಗಿದೆ.

ಆ ಕೈ ಕೆಳಗೆ ಏನು ಬರೆದಿತ್ತು? "ನಮ್ಮ ಕೈಗೆ ಕೆಲಸ ಸಾಕು. ಪರಿಹಾರದ ರಾಜಕೀಯ ಬೇಡ." ಅದರ ಕೆಳಗೆ ಇರುವೆ ಸಾಲಿನ ಹಾಗೆ ಸಣ್ಣಕ್ಷರದಲ್ಲಿ, "ದುಡಿಯುವ ಕೈಗಳ ವೇದಿಕೆ, ಅಧ್ಯಕ್ಷರು" ಅಂತ ನನ್ನ ಹೆಸರು.

ನಾನು ಅಧ್ಯಕ್ಷ! ನಮ್ಮನೇಲಿ ನನ್ನ ಮಾತು ಬೆಕ್ಕೂ ಕೇಳಲ್ಲ.

ಆದದ್ದನ್ನ ಆದ ಹಾಗೆ ಹೇಳು ತಾತ, ನಮ್ಮ ಪತ್ರಿಕೆಗೆ ಹಾಕ್ತೀವಿ ಅಂದೆ ನೀನು. ಹೇಳ್ತೀನಿ. ಉದ್ದ ಆಗುತ್ತೆ. ಕಾರ್ಖಾನೇಲಿ ನನಗೆ ರೇಡಿಯೋ ಅಂತ ಅಡ್ಡಹೆಸರು ಇಟ್ಟಿರೋದು ಸುಮ್ಮನೆ ಅಲ್ಲ.

ನಂದು ತೊಗಲಿನ ಕಾರ್ಖಾನೆ. ಅಲ್ಲಿ ಸುಣ್ಣದ ಅಂಗಳ ಅಂತ ಒಂದಿದೆ, ಹಿಂದುಗಡೆ. ಹೊರಗಿನವರು ಯಾರಿಗೂ ಅದನ್ನ ತೋರಿಸಲ್ಲ. ಹಸಿ ತೊಗಲನ್ನ ಸುಣ್ಣದ ಗುಂಡಿಗೆ ಹಾಕ್ತಾರೆ. ಕೂದಲು ಸಡಿಲ ಆಗುತ್ತೆ. ಆಮೇಲೆ ನಾವು ಎಳೆದು ಮರದ ದಿಮ್ಮಿ ಮೇಲೆ ಹಾಸಿ, ಎರಡು ಹಿಡಿ ಇರೋ ಕತ್ತಿ ತಗೊಂಡು ಕೆರೀತೀವಿ. ನೆನೆದ ತೊಗಲು ಒಂದೊಂದು ಆಳುದ್ದ, ಆಳುಭಾರ. ಸುಣ್ಣಕ್ಕೆ ದನದ ಚರ್ಮ ಯಾವುದು, ನನ್ನ ಚರ್ಮ ಯಾವುದು ಅಂತ ಗೊತ್ತಾಗಲ್ಲ. ಎರಡನ್ನೂ ಒಂದೇ ತರ ತಿನ್ನುತ್ತೆ. ಕೈಗವಸು ಕೊಡ್ತಾರೆ, ಇಲ್ಲ ಅನ್ನಲ್ಲ. ಮಧ್ಯಾಹ್ನದೊಳಗೆ ಅದರೊಳಗೆ ನೀರು ನಿಂತಿರುತ್ತೆ. ಆಮೇಲೆ ಅದು ಕೈಗವಸಲ್ಲ, ಕೈಗೆ ಕಟ್ಟಿದ ಇನ್ನೊಂದು ಗುಂಡಿ.

ನನ್ನ ತಂಗಿಯೂ ಅಲ್ಲೇ. ಅವಳಿಗೆ ಬಲಗೈಯಲ್ಲಿ ಮೂರು ಬೆರಳಿಲ್ಲ. ಕೊಳೆತವು, ಕತ್ತರಿಸಿದ್ರು. ಮಾರನೇ ವಾರ ಬಂದು, ಬಟ್ಟೆ ಸುತ್ತಿ ಕೈಯನ್ನ ಕತ್ತಿ ಹಿಡಿಗೆ ಕಟ್ಕೊಂಡು ಕೆರೆದಳು. ಈಗಲೂ ಹಾಗೇ ಕೆರೀತಾಳೆ. ಪರಿಹಾರ ಕೊಡಿ ಅಂತ ಮೂರು ಸಲ ಅರ್ಜಿ ಹಾಕಿದಳು. ಮೂರು ಸಲವೂ ಬಂದ ಉತ್ತರ ಒಂದೇ. ಇದು ಕೆಲಸದಿಂದ ಬಂದ ಕಾಯಿಲೆ ಅನ್ನೋಕೆ ಕಾನೂನಲ್ಲಿ ಜಾಗ ಇಲ್ಲ.

ಆ ಜಾಗ ಮಾಡ್ತೀನಿ ಅಂತ ಈ ಸಲ ಚುನಾವಣೆಗೆ ನಿಂತಿರೋರು ನಮ್ಮ ನರ್ಸಮ್ಮ. ಕಾರ್ಖಾನೆಯ ಪ್ರಥಮ ಚಿಕಿತ್ಸೆ ಕೋಣೇಲಿ ಇದ್ದೋರು. "ತುರಿಕೆ" ಅಂತ ಬರಿ ಅಂದ್ರೆ "ಕೊಳೆತಿದೆ" ಅಂತ ಬರೆದ್ರು, ಕೆಲಸದಿಂದ ತೆಗೆದ್ರು. ಈಗ ಅವರು ಗೆದ್ರೆ ಸುಣ್ಣದ ಕೈ ಕಾನೂನಿಗೆ ಬರುತ್ತೆ, ಕಂಪನಿ ಕೊಡಲೇಬೇಕಾಗುತ್ತೆ. ಸೋತ್ರೆ ತಂಗಿ ಸಾಯೋವರೆಗೂ ಕೈ ಕಟ್ಕೊಂಡು ಕೆರೀಬೇಕು. ಅದು ಕಂಪನಿಗೂ ಗೊತ್ತು, ನಮಗೂ ಗೊತ್ತು.

ಅಂಥಾ ಹೊತ್ತಲ್ಲಿ ನನ್ನ ಕೈ ಗೋಡೆ ಹತ್ತಿದ್ದು.

ಅವತ್ತು ಗೇಟಲ್ಲಿ ಎಲ್ಲರೂ ನನಗೆ ದಾರಿ ಬಿಟ್ರು. "ಸರೀರಪ್ಪೋ, ಅಧ್ಯಕ್ಷರು ಬಂದ್ರು!" "ಅಧ್ಯಕ್ಷರೇ, ಕಾರು ಎಲ್ಲಿ ನಿಲ್ಲಿಸಿದ್ರಿ?" ಒಬ್ಬ ಸುಣ್ಣದ ಬಕೆಟ್ಟು ಬೋರಲು ಹಾಕಿ "ಆಸನ ಅಲಂಕರಿಸಬೇಕು" ಅಂದ. ನಾನೂ ನಕ್ಕೆ. ತಮಾಷೆ ಅನ್ಕೊಂಡೆ. ಓದೋಕೆ ಬರಲ್ಲವಲ್ಲ ನನಗೆ. ಆಮೇಲೆ ಒಬ್ಬ ಫೋನಲ್ಲಿ ಫೋಟೋ ತೋರಿಸಿ ಓದಿ ಹೇಳಿದ. ಆಗ ನೆನಪಾಯ್ತು. ಎರಡು ತಿಂಗಳ ಹಿಂದೆ ಕ್ಯಾಂಟೀನಿಗೆ ಒಬ್ಬ ಕ್ಯಾಮೆರಾ ತಂದಿದ್ದ. ದೊಡ್ಡ ಡಾಕ್ಟರಿಗೆ ತೋರಿಸ್ತೀವಿ, ಕೈ ಮುಂದೆ ಚಾಚು ಅಂದ. ಚಾಚಿದೆ. ಬೆರಳು ಅಗಲಿಸು ಅಂದ. ಅಗಲಿಸಿದೆ. ಥ್ಯಾಂಕ್ಸ್ ತಾತ ಅಂದ. ನಲವತ್ತು ವರ್ಷದಲ್ಲಿ ಆ ಕ್ಯಾಂಟೀನಲ್ಲಿ ನನಗೆ ಯಾರೂ ಥ್ಯಾಂಕ್ಸ್ ಅಂದಿರಲಿಲ್ಲ. ಅವತ್ತೇ ಅನುಮಾನ ಬರಬೇಕಿತ್ತು.

ತಂಗಿ ನಗಲಿಲ್ಲ. ಕತ್ತಿಗೆ ಕಟ್ಟಿದ ಕೈಯನ್ನ ನನ್ನ ಮೂತಿ ಮುಂದೆ ಹಿಡಿದಳು.

"ಎಷ್ಟಕ್ಕೆ ಮಾರ್ಕೊಂಡೆ ಅಣ್ಣ ಇದನ್ನ?"

"ಏಯ್, ನನಗೇನು ಗೊತ್ತೇ ಇಲ್ಲ ಕಣೇ!"

"ನಿನ್ನ ಹೆಸರಿದೆ. ನಿನ್ನ ಕೈ ಇದೆ. ನಿನಗೆ ಗೊತ್ತಿಲ್ಲ. ಸರಿ." ತಿರುಗಿ ಕೆರೆಯೋಕೆ ಶುರು ಮಾಡಿದಳು. ಆಮೇಲೆ ನನ್ನ ಜೊತೆ ಮಾತೇ ಬಿಟ್ಟಳು.

ನನ್ನನ್ನ ಯಾರಾದ್ರೂ ಹೊಡೀಲಿ, ಬಯ್ಯಲಿ, ತಡಕೋತೀನಿ. ಮಾತು ಬಿಟ್ರೆ ಸತ್ತೇ ಹೋಗ್ತೀನಿ. ಅವತ್ತೇ ನರ್ಸಮ್ಮನ ಹತ್ತಿರ ಓಡಿದೆ.

ಅವರು ಕಾನೂನು ಬಿಡಿಸಿ ಹೇಳಿದ್ರು. ಕೇಳು, ನಗು ಬರುತ್ತೆ. ಕಂಪನಿ ತಾನೇ ಚುನಾವಣೆಗೆ ಸುರಿಯೋಕೆ ಹೋದ್ರೆ ಒಂದು ಮಿತಿ ಇದೆ. ಅದರಾಚೆ ಒಂದು ಬಿಡಿಗಾಸೂ ಹಾಕೋ ಹಾಗಿಲ್ಲ. ಆದ್ರೆ ಇನ್ನೂರು ಜನ ಸೇರಿ, ನಮಗೊಂದು ಅಭಿಪ್ರಾಯ ಇದೆ, ಅದನ್ನ ಊರಿಗೆ ಹೇಳ್ತೀವಿ ಅಂತ ಒಂದು ವೇದಿಕೆ ಕಟ್ಟಿದ್ರೆ, ಅದಕ್ಕೆ ಮಿತಿ ಇಲ್ಲ. ಆ ವೇದಿಕೆಗೆ ಯಾರು ಬೇಕಾದ್ರೂ ದಾನ ಮಾಡಬಹುದು. ಕಂಪನಿಯೂ. ಎಷ್ಟು ಬೇಕಾದ್ರೂ. ಅಂದ್ರೆ ಏನಾಯ್ತು? ಕಂಪನಿ ಬಾಯಿಗೆ ಬೀಗ ಇದೆ, ನನ್ನ ಬಾಯಿಗಿಲ್ಲ. ಅದಕ್ಕೇ ನನ್ನ ಬಾಯಿ ತಗೊಂಡ್ರು. ಕೇಳದೇ ತಗೊಂಡ್ರು. ಸುಣ್ಣದ ಅಂಗಳದಲ್ಲಿ ನಾವಿರೋದು ಇನ್ನೂರ ಹನ್ನೆರಡು ಜನ. ಲೆಕ್ಕಕ್ಕೆ ಸರಿಯಾಗಿ ಸಿಕ್ಕಿದ್ವಿ. ಮಿಕ್ಕವರದ್ದು ಬರೀ ಹೆಸರಿದ್ರೆ ಸಾಕಂತೆ, ಹೆಬ್ಬೆಟ್ಟು ಬೇಕಾಗಿದ್ದು ಅಧ್ಯಕ್ಷ, ಕೋಶಾಧಿಕಾರಿ ಇಬ್ಬರದ್ದೇ.

ಮಾರನೇ ದಿನ ಚುನಾವಣೆ ಕಚೇರಿಗೆ ಹೋದೆ. ಕೌಂಟರಿನವನು ಒಳ್ಳೆಯವನೇ. ದೂರು ಬರ್ಕೊಂಡ. ಓದಿ ಹೇಳಿದ. ಮಿಷನ್ನು ಮುಂದೆ ತಳ್ಳಿ "ಹೆಬ್ಬೆಟ್ಟು ಇಡಿ" ಅಂದ.

ಇಟ್ಟೆ. ಕೆಂಪು ದೀಪ.

"ಒರೆಸ್ಕೊಂಡು ಇಡಿ."

ಒರೆಸಿದೆ. ಕೆಂಪು. ಇನ್ನೊಂದು ಕೈ. ಕೆಂಪು. ಶಾಯಿ ಡಬ್ಬಿ ತೆಗೆದು ಕಾಗದದ ಮೇಲೆ ಒತ್ತಿಸಿದ. ಕಪ್ಪು ಮಚ್ಚೆ ಬಿತ್ತು, ದುಂಡಗೆ, ನುಣ್ಣಗೆ, ಹುಣಸೆ ಬೀಜದ ಹಾಗೆ. ಗೆರೆ ಅನ್ನೋದು ಒಂದೂ ಇಲ್ಲ.

"ಏನಜ್ಜಾ ಇದು?"

"ಸುಣ್ಣ ತಿಂದುಬಿಟ್ಟಿದೆ ಸ್ವಾಮಿ. ನಮ್ಮಂಗಳದಲ್ಲಿ ಯಾರಿಗೂ ಗೆರೆ ಇಲ್ಲ. ಕಾರ್ಖಾನೇಲಿ ಮಿಕ್ಕವರಿಗೆಲ್ಲ ಹಾಜರಿಗೆ ಹೆಬ್ಬೆಟ್ಟಿನ ಮಿಷನ್ನು, ನಮಗೆ ಮಾತ್ರ ಹಿತ್ತಾಳೆ ಬಿಲ್ಲೆ."

"ಗುರುತು ಬೀಳದೆ ದೂರು ತಗೊಳ್ಳೋ ಹಾಗಿಲ್ವಲ್ಲ. ನೀವೇ ನೀವು ಅಂತ ಹೆಂಗೆ ಗೊತ್ತಾಗಬೇಕು?"

"ಸ್ವಾಮಿ, ವೇದಿಕೆ ಕಾಗದದಲ್ಲಿ ನಂದು ಬಿದ್ದಿದೆಯಲ್ಲ, ಅದನ್ನ ತೆಗೀರಿ."

ಪರದೆ ಮೇಲೆ ತೆಗೆದ. ಅಮ್ಮಣ್ಣೀ, ಎಂಥಾ ಹೆಬ್ಬೆಟ್ಟು ಅದು! ಸುಳಿ ಸುಳಿಯಾಗಿ, ಹೊಲ ಉತ್ತ ಹಾಗೆ. ಅವನು ಅದನ್ನ ನೋಡಿದ, ನನ್ನ ಮಚ್ಚೆ ನೋಡಿದ. ಕುರ್ಚಿಯಿಂದ ಎದ್ದ. ಒಳಗೆ ದೊಡ್ಡ ಅಧಿಕಾರಿ ಮೇಡಂ ಹತ್ತಿರ ಹೋದ.

ಸುಳ್ಳು ಹೆಬ್ಬೆಟ್ಟು ಮಿಷನ್ನಿಗೆ ಹಿಡಿಸಿತ್ತು. ನಿಜವಾದ್ದು ಹಿಡಿಸಲಿಲ್ಲ. ಎಂಥಾ ಕಾಲ ನೋಡು.

ಎರಡು ದಿನ ಬಿಟ್ಟು ವಿಚಾರಣೆ ಇಟ್ರು. ವೇದಿಕೆ ಕಾಗದದಲ್ಲಿ ಹೆಸರಿದ್ದ ಪದಾಧಿಕಾರಿಗಳೆಲ್ಲ ಬರಬೇಕು ಅಂತ ನೋಟೀಸು ಹೋಯ್ತು. ಕಾರ್ಯದರ್ಶಿ ಅಂತ ಹಾಕಿದ್ದು ನಮ್ಮ ಹಳೇ ಮೇಸ್ತ್ರೀನ. ಅವನು ಸತ್ತು ವರ್ಷ ಆಯ್ತು. ಕೋಶಾಧಿಕಾರಿ ಯಾರು ಗೊತ್ತಾ? ನನ್ನ ತಂಗಿ. ನೋಟೀಸು ಓದಿಸ್ಕೊಂಡ ಮೇಲೆ ನನ್ನನ್ನ ಒಂದು ಸಲ ನೋಡಿದಳು. ಮಾತಾಡಲಿಲ್ಲ. ಆದ್ರೆ ನೋಡಿದಳು.

ವಿಚಾರಣೆ ಕೋಣೆ ಚಿಕ್ಕದು. ಉದ್ದ ಮೇಜು, ಅದರ ಮೇಲೆ ಅದೇ ಹೆಬ್ಬೆಟ್ಟಿನ ಮಿಷನ್ನು, ಪರದೆ, ಕಬ್ಬಿಣದ ಬೀರು, ಗಡಿಯಾರ, ಒಂದು ಫ್ಯಾನು. ನಾನೂ ತಂಗಿಯೂ ಕೂತ ಮೇಲೆ ಯಾರೋ ಕಿಟಕಿ ತೆಗೆದ್ರು. ನಾವು ಎಲ್ಲಿ ಕೂತ್ರೂ ಕಿಟಕಿ ತೆಗೀತಾರೆ, ಅದು ನಮಗೆ ರೂಢಿ. ಮೇಡಂ ನಡುವೆ. ಆ ಕಡೆ ಕಂಪನಿ ವಕೀಲ. ಕಂಪನಿ ವಕೀಲ ಅಂತ ಅವನು ಹೇಳಲಿಲ್ಲ, "ನಾನು ವೇದಿಕೆ ಪರ" ಅಂದ. ಅಂದ್ರೆ ನನ್ನ ವಕೀಲ! ನನ್ನ ಮೇಲೇ ವಾದ ಮಾಡೋಕೆ ಬಂದಿದ್ದ. ಅವನ ಪಕ್ಕ ಫೈಲು ಹಿಡ್ಕೊಂಡು ಕೂತಿದ್ದೋನು ಕಾರ್ಖಾನೆ ಆಫೀಸಿನ ಗುಮಾಸ್ತ. ನನ್ನ ಅಳಿಯ. ತಂಗಿ ಮಗ.

ಅವನು ಅಲ್ಲಿದ್ದದ್ದು ನನಗೆ ವಿಶೇಷ ಅನ್ನಿಸಲಿಲ್ಲ. ಗುಮಾಸ್ತ, ಫೈಲು ಹೊರೋದು ಕೆಲಸ. "ಏನೋ, ಊಟ ಆಯ್ತಾ?" ಅಂದೆ. "ಹೂಂ ಮಾವ" ಅಂದ. ತಲೆ ಎತ್ತಲಿಲ್ಲ.

ವಕೀಲ ಶುರು ಮಾಡಿದ. "ಮೇಡಂ, ಹಿರಿಯರಿಗೆ ಯಾರೋ ತಲೆ ಕೆಡಿಸಿದಾರೆ. ಪ್ರಜೆಗಳು ಸೇರಿ ಅಭಿಪ್ರಾಯ ಹೇಳೋದು ಹಕ್ಕು. ಅದಕ್ಕೆ ಹಣ ಖರ್ಚು ಮಾಡೋದೂ ಮಾತಾಡಿದ ಹಾಗೇ. ಕಂಪನಿಗೂ ಮಾತಾಡೋ ಹಕ್ಕಿದೆ, ಕಾರ್ಮಿಕರಿಗೂ ಇದೆ. ಇಬ್ಬರೂ ಒಂದೇ ಮಾತಾಡಿದ್ರೆ ತಪ್ಪೇನು?"

ನನಗೆ ತಡೆಯೋಕಾಗಲಿಲ್ಲ. "ಕಂಪನಿಗೆ ಬಾಯಿ ಇದೆಯಾ ಸ್ವಾಮಿ?"

"ಕಾನೂನಿನ ಕಣ್ಣಲ್ಲಿ ಇದೆ ಅಜ್ಜಾ."

"ಹಂಗಾದ್ರೆ ಕೈಯೂ ಇರಬೇಕು. ಕರ್ಕೊಂಬನ್ನಿ. ಒಂದು ದಿನ ಸುಣ್ಣದ ಗುಂಡಿಗೆ ಅದ್ದಿ ನೋಡೋಣ. ಸಂಜೆಗೆ ಅದು ಏನು ಮಾತಾಡುತ್ತೋ ಕೇಳೋಣ."

ಕೌಂಟರಿನವನು ಬಾಗಿಲಲ್ಲಿ ನಿಂತು ನಕ್ಕುಬಿಟ್ಟ. ಮೇಡಂ ಅವನ ಕಡೆ ಕಣ್ಣು ಬಿಟ್ರು.

"ಮೊದಲು ಒಂದು ಇತ್ಯರ್ಥ ಆಗ್ಲಿ," ಅಂದ್ರು. "ಈ ಗುರುತು ನಿಮ್ಮದಲ್ಲ, ಸರಿ. ಹಾಗಾದ್ರೆ ಯಾರದ್ದು? ಅದು ಗೊತ್ತಾಗದೆ ವೇದಿಕೆ ನಕಲಿ ಅಂತ ನಾನು ಬರೆಯೋಕೆ ಬರಲ್ಲ. ಪೊಲೀಸರಿಗೆ ಕಳಿಸಬಹುದು. ಅವರು ಕಂಡುಹಿಡಿಯೋ ಹೊತ್ತಿಗೆ ಮತದಾನ ಮುಗಿದಿರುತ್ತೆ. ಅಲ್ಲಿವರೆಗೂ ಪೋಸ್ಟರು ಹಾಗೇ ಇರುತ್ತೆ. ಹೇಳಿ, ಯಾರ ಮೇಲಾದ್ರೂ ಅನುಮಾನ ಇದೆಯಾ?"

ನಾನು ಬಾಯಿ ತೆಗೆದೆ. ಆಗ ನೋಡಿದೆ. ನನ್ನ ಅಳಿಯನ ಎರಡು ಕೈಯೂ ಮೇಜಿನ ಮೇಲಿದ್ದವು. ಮೆಲ್ಲಗೆ ಮೇಜಿನ ಕೆಳಕ್ಕೆ ಹೋದವು.

ಅಷ್ಟೇ. ನನಗೆ ಎಲ್ಲಾ ಗೊತ್ತಾಯ್ತು. ಬಾಯಿ ತೆಗೆದಿದ್ದು ತೆಗೆದ ಹಾಗೇ ಇತ್ತು.

ನೀನು ಅರ್ಥ ಮಾಡ್ಕೋಬೇಕು ಮಗಳೇ. ಅವನು ಹುಟ್ಟಿದಾಗ ತಂಗಿ ನನ್ನ ಹತ್ತಿರ ಭಾಷೆ ತಗೊಂಡಿದ್ಲು, ಇವನು ಅಂಗಳಕ್ಕೆ ಕಾಲಿಡಬಾರದು ಅಂತ. ಅವರಪ್ಪನ ಜೀವ ಗುಂಡಿಗೇ ಹೋಗಿತ್ತು. ಊಟದ ಬುತ್ತಿ ಕೊಡೋಕೂ ಇವನನ್ನ ಒಳಗೆ ಬಿಡ್ತಿರಲಿಲ್ಲ, ಗೇಟಲ್ಲಿಟ್ಟು ಹೋಗು ಅಂತಿದ್ವಿ. ಮನೇಲಿ ಗೋಡೆಗೆ ಬಳಿಯೋ ಸುಣ್ಣವನ್ನೂ ಮುಟ್ಟಿಸಲಿಲ್ಲ. ಅವನು ಓದಿದ, ನಾವು ಕೆರೆದ್ವಿ. ಫೀಸು ಸಾಲದಿದ್ದಾಗ ಇಡೀ ಅಂಗಳ ಚಂದಾ ಎತ್ತಿ ಕೊಡ್ತು. ಇವನಿಗೆ ಆಫೀಸಲ್ಲಿ ಕೆಲಸ ಆದ ದಿನ ಹಾಜರಿ ಮಿಷನ್ನಲ್ಲಿ ಹೆಬ್ಬೆಟ್ಟು ಇಟ್ಟ, ಹಸಿರು ದೀಪ ಹತ್ತಿತು ಅಂತ ಬಂದು ಹೇಳಿದ. ತಂಗಿ ಅವನ ಕೈ ಹಿಡ್ಕೊಂಡು ಅತ್ತಳು. ನಮ್ಮ ಇಡೀ ವಂಶದಲ್ಲಿ ಗೆರೆ ಇರೋ ಹೆಬ್ಬೆಟ್ಟು ಅಂದ್ರೆ ಅವೆರಡೇ.

ಆ ಎರಡನ್ನೇ ಒತ್ತಿದ್ದ. ಬಲದ್ದು ಮಾವನಿಗೆ. ಎಡದ್ದು ಅಮ್ಮನಿಗೆ.

"ಅಜ್ಜಾ, ಹೇಳಿ," ಅಂದ್ರು ಮೇಡಂ.

ನಾನು ಫ್ಯಾನು ನೋಡಿದೆ.

ವಕೀಲನಿಗೆ ಸಂದು ಸಿಕ್ತು. "ನೋಡಿದ್ರಾ ಮೇಡಂ, ಅವರ ಹತ್ತಿರ ಉತ್ತರ ಇಲ್ಲ. ಅಜ್ಜಾ, ನಿಮಗೆ ವಯಸ್ಸಾಯ್ತು. ಒಂದು ಕಾಗದ ಬರ್ಕೊಡ್ತೀನಿ, ನಾನೇ ಇಷ್ಟಪಟ್ಟು ಅಧ್ಯಕ್ಷ ಆಗಿದೀನಿ ಅಂತ. ನಾಳೆಯಿಂದ ಗುಂಡಿ ಬೇಡ. ಗೇಟಲ್ಲಿ ಕುರ್ಚಿ ಹಾಕ್ಕೊಂಡು ಕೂತ್ಕೊಳ್ಳಿ."

ಸತ್ಯ ಹೇಳ್ತೀನಿ, ಬರ್ಕೋ. ನಾನು ಸುಮ್ಮನೇ ಕೂತಿದ್ದೆ. ಪೋಸ್ಟರು ಇರಲಿ, ನರ್ಸಮ್ಮ ಸೋಲಲಿ, ಇವನೊಬ್ಬ ಉಳೀಲಿ ಅಂತ ಅನ್ನಿಸ್ತು. ಅನ್ನಿಸಲಿಲ್ಲ ಅಂತ ಹೇಳಿದ್ರೆ ಸುಳ್ಳಾಗುತ್ತೆ. ರೇಡಿಯೋ ಸುಮ್ಮನಿತ್ತು.

ತಂಗಿ ನನ್ನ ಮುಖ ನೋಡ್ತಿದ್ದಳು. ನಾನು ಸುಮ್ಮನಿದ್ದದ್ದನ್ನ ಅವಳು ಹುಟ್ಟಿದಾಗಿಂದ ನೋಡಿರಲಿಲ್ಲ. ನಿಧಾನಕ್ಕೆ ತಿರುಗಿ ಮಗನನ್ನ ನೋಡಿದಳು. ಮೇಜಿನ ಮೇಲೆ ಕೈ ಇಲ್ಲದ್ದು ನೋಡಿದಳು. ಎದ್ದಳು.

"ಕೈ ಮೇಲಿಡು."

"ಅಮ್ಮಾ..."

"ಇಡೋ."

ವಕೀಲ ಎದ್ದ. "ಮೇಡಂ, ಇದು ಸರಿಯಲ್ಲ. ಇವರು ವಿಚಾರಣೆಗೆ ಸಂಬಂಧ ಇಲ್ಲದ..."

"ನಾನು ಕೋಶಾಧಿಕಾರಿ," ಅಂದಳು ತಂಗಿ. "ನೋಟೀಸು ಕೊಟ್ಟಿದೀರಿ. ನನಗೆ ಸಂಬಂಧ ಇದೆ." ಮಗನ ಪಕ್ಕಕ್ಕೆ ಹೋದಳು. ಮೇಜಿನ ಕೆಳಗಿಂದ ಅವನ ಬಲಗೈ ಎಳೆದಳು. ಇರೋ ಎರಡೇ ಬೆರಳಲ್ಲಿ ಅವನ ಹೆಬ್ಬೆಟ್ಟು ಹಿಡಿದಳು. ಅವನು ಗಟ್ಟಿಯಾಳು, ಕಿತ್ಕೋಬಹುದಿತ್ತು. ಕಿತ್ಕೊಳ್ಳಲಿಲ್ಲ. ಮಿಷನ್ನಿನ ಗಾಜಿಗೆ ಒತ್ತಿದಳು.

ಕುಯ್ ಅಂತು. ಹಸಿರು ದೀಪ. ಪರದೆ ಮೇಲೆ ಬಂದದ್ದು ನನ್ನ ಹೆಸರು. ಅಧ್ಯಕ್ಷರು.

"ಇನ್ನೊಂದು," ಅಂದಳು.

ಅವನು ಅಳ್ತಿದ್ದ. ಎಡಗೈ ತಾನೇ ಇಟ್ಟ. ಕುಯ್. ಅವರಮ್ಮನ ಹೆಸರು ಬಂತು.

ಮೇಡಂ ಪೆನ್ನು ಕೆಳಗಿಟ್ರು. "ಯಾರು ಹೇಳಿದ್ದು ನಿನಗೆ?"

ಅಳಿಯ ವಕೀಲನ ಕಡೆ ಕೈ ತೋರಿಸಿದ. "ಇವರೇ. ಮ್ಯಾನೇಜರ್ ರೂಮಲ್ಲಿ. ಮೊದಲು ಅಂಗಳದೋರು ಒಬ್ಬರನ್ನ ಆಫೀಸಿಗೆ ಕರೆಸಿ ಒತ್ತಿಸ್ಕೊಂಡೆ, ಬೋನಸ್ ಕಾಗದ ಅಂತ ಹೇಳಿ. ಗೆರೆ ಬೀಳಲಿಲ್ಲ. ಇವರು, ಹೆಡ್ ಆಫೀಸಿನವರು, ಇವರಿಗೆ ಅದು ಗೊತ್ತಿರಲಿಲ್ಲ. ನೀನೇ ಒತ್ತು, ಯಾರು ನೋಡ್ತಾರೆ ಅಂದ್ರು."

"ಶುದ್ಧ ಸುಳ್ಳು," ಅಂದ ವಕೀಲ. ಫೈಲು ಕಟ್ಟಿದ. "ಗುಮಾಸ್ತ ತನ್ನಿಷ್ಟಕ್ಕೆ ತಾನು ಮಾಡಿದಾನೆ. ಕಂಪನಿಗೂ ಇದಕ್ಕೂ ಸಂಬಂಧ ಇಲ್ಲ."

ನನಗೆ ಆಗ ಬಾಯಿ ಬಂತು. ಏನೇನು ಬೈದೆ ಅನ್ನೋದು ನಿಮ್ಮ ಪತ್ರಿಕೇಲಿ ಹಾಕೋ ಹಾಗಿಲ್ಲ, ಬಿಡು.

ಆದೇಶ ಅವತ್ತೇ ಆಯ್ತು. ವೇದಿಕೆ ರದ್ದು, ಪೋಸ್ಟರು ಮುಚ್ಚಬೇಕು. ಮುಚ್ಚಿದ್ರು. ಹೆಂಗೆ ಮುಚ್ಚಿದ್ರು ಗೊತ್ತಾ? ಅಕ್ಷರದ ಮೇಲೆ ಮಾತ್ರ ಬಿಳಿ ಕಾಗದ. ಕೈ ಹಂಗೇ ಇದೆ. ಈಗ ನಾನು ಇಡೀ ಊರಿಗೆ ಕೈ ಚಾಚಿ ಭಿಕ್ಷೆ ಬೇಡ್ತಿರೋ ಹಾಗೆ ಕಾಣುತ್ತೆ. ಅಳಿಯನ ಮೇಲೆ ಕೇಸು ಆಯ್ತು, ಕೆಲಸ ಹೋಯ್ತು. ವಕೀಲನ ಮೇಲೆ ಏನೂ ಇಲ್ಲ. ಕಂಪನಿ ಮೇಲೆ ಏನೂ ಇಲ್ಲ. ಕಂಪನಿಗೆ ಬಾಯಿ ಇದೆ, ಹಕ್ಕಿದೆ, ಎಲ್ಲಾ ಇದೆ. ಜೈಲಿಗೆ ಹಾಕೋಣ ಅಂದ್ರೆ ಮೈ ಮಾತ್ರ ಇಲ್ಲ.

ಇವತ್ತು ಮಧ್ಯಾಹ್ನ ಅಳಿಯ ಅಂಗಳಕ್ಕೆ ಬಂದ. ಹುಟ್ಟಿ ಮೂವತ್ತೊಂದು ವರ್ಷಕ್ಕೆ ಮೊದಲ ಸಲ ಒಳಗೆ ಬಂದ. ಮೂಗು ಮುಚ್ಚಲಿಲ್ಲ, ಅದಕ್ಕೆ ನಾನು ಮೆಚ್ಚಿದೆ. ನಮ್ಮವರು ಯಾರೂ ಮಾತಾಡಿಸಲಿಲ್ಲ. ಒಬ್ಬ ಅವನ ಕಾಲ ಹತ್ತಿರ ಉಗಿದ. ಇವನು ಗುಂಡಿ ಪಕ್ಕ ಬಂದು ಅಂಗಿ ತೋಳು ಮೇಲೆ ಮಡಚಿದ.

"ಇಳೀತೀನಿ ಮಾವ. ಗುತ್ತಿಗೆ ಮೇಸ್ತ್ರಿ ತಗೋತೀನಿ ಅಂದಿದಾನೆ. ಈ ಗೆರೆ ನನಗೆ ಬೇಡ. ಹೋಗ್ಲಿ."

ತಂಗಿ ಕೆರೆಯೋದು ನಿಲ್ಲಿಸಿದಳು.

"ಹೋಗ್ಲಿ ಅನ್ನೋಕೆ ಅದು ನಿಂದೇನೋ? ಇನ್ನೂರ ಹನ್ನೆರಡು ಜನ ಸೇರಿ ಉಳಿಸಿದ್ದು ಅದು. ಗುಂಡಿಗೆ ಕೈ ಹಾಕಿದ್ಯೋ, ಇದೇ ಕತ್ತಿ ತಗೊಂಡು ಹೊಡೀತೀನಿ."

"ಮತ್ತೆ ನಾನೇನು ಮಾಡ್ಲಮ್ಮ? ನನ್ನನ್ನ ಯಾರು ಸೇರಿಸ್ಕೋತಾರೆ?"

"ಸೇರಿಸ್ಕೊಳ್ಳಿ ಅಂತ ನಾನು ಯಾರಿಗೂ ಹೇಳಲ್ಲ. ಲಾರಿ ಶೆಡ್ಡಿನ ಹಮಾಲಿಗಳಿಗೆ ನಾಳೆ ಬೆಳಿಗ್ಗೆ ಕಂಪನಿಯಿಂದ ಹೊಸ ಜಾಕೀಟು ಹಂಚ್ತಾರಂತೆ. ಇದ್ದಕ್ಕಿದ್ದ ಹಾಗೆ ಯಾಕೆ ಜಾಕೀಟು? ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ತಗೋಬೇಕಂತೆ. ಇನ್ನೊಂದು ವೇದಿಕೆ ಕಾಗದ ಇರಬೇಕು ಅದು. ಅವರಿಗೆಲ್ಲ ಇನ್ನೂ ಗೆರೆ ಇದೆ. ಓದೋಕೆ ಬರಲ್ಲ. ನಿನಗೆ ಬರುತ್ತೆ." ಬಿಚ್ಚಿಹೋಗಿದ್ದ ಬಟ್ಟೇನ ಹಲ್ಲಲ್ಲಿ ಎಳೆದು ಕತ್ತಿಗೆ ಕೈ ಬಿಗಿದ್ಕೊಂಡಳು. "ಮೊದಲೇ ಹೋಗಿ ಗೇಟಲ್ಲಿ ನಿಲ್ಲು. ಆ ಕಾಗದ ಕಿತ್ಕೊಂಡು ಜೋರಾಗಿ ಓದು."

"ಹೊಡೀತಾರಮ್ಮ."

"ಹೊಡೀಲಿ."

ನಾನು ಏನೋ ಸಮಾಧಾನ ಹೇಳೋಕೆ ಹೋದೆ. ತಂಗಿ ನನ್ನ ಕಡೆ ಒಂದು ನೋಟ ಬಿಟ್ಟಳು, ನನ್ನ ಕತ್ತಿ ಎತ್ಕೊಂಡೆ. ಆಮೇಲೆ ಅವನು ಮಡಚಿದ ತೋಳನ್ನ ಇಳಿಸಿದ. ಹೋದ. ಲಾರಿ ಶೆಡ್ಡಿನ ಕಡೇನೇ ಹೋದ, ನಾನು ನೋಡಿದೆ.

ಅವಳು ನೋಡಲಿಲ್ಲ. ಮುಂದಿನ ತೊಗಲು ಎಳ್ಕೊಂಡಳು.